ಮರಕ್ಕೆ ಜೋತವನ ಸುಖ

ಕೊಲ್ಲಲು ಹೊರಟವನಿಗೆ ಕೂರಲು ಹಿತವಾದ ಜಾಗ ಬೇರೆ ಬೇಕೆ? ಅಮೆರಿಕದ ಜಿಂಕೆ ಬೇಟೆಗಾರರು ಮರಕ್ಕೆ ಜೋತು ಕೂರಲು ಬಳಸುವ ಸ್ಯಾಡಲ್ ಬಗ್ಗೆ, ಅದು ಸೊಂಟಕ್ಕೆ ಒತ್ತುತ್ತದೆ, ತೊಡೆಗೆ ಕಚ್ಚುತ್ತದೆ ಎಂದು ಗಂಟೆಗಟ್ಟಲೆ ಚರ್ಚಿಸುವುದನ್ನು ಕೇಳಿದರೆ ಮೊದಲು ಮನಸ್ಸಿಗೆ ಬರುವುದು ಈ ಪ್ರಶ್ನೆಯೇ. ಬೇಟೆಯನ್ನೇ ಒಪ್ಪದವರಿಗೆ ಇದು ಕ್ರೌರ್ಯದ ಮೇಲೊಂದು ಷೋಕಿ. ಹಳೇ ತಲೆಮಾರಿನ ಬೇಟೆಗಾರರಿಗೆ ಇದು ಗಟ್ಟಿತನ ಕರಗಿದ ಲಕ್ಷಣ. ಅಪ್ಪ ಅಜ್ಜಂದಿರು ಓಕ್ ಮರದ ಕವಲಿನಲ್ಲಿ ಹಲ್ಲುಕಚ್ಚಿ ಕೂತಿದ್ದರಲ್ಲ, ಇವರಿಗೇನು ಬಂದಿದೆ ಧಾಡಿ? ಒಬ್ಬರನ್ನೊಬ್ಬರು ಕಂಡರಾಗದ ಈ ಎರಡು ಗುಂಪಿನವರೂ ಒಂದು ಮಾತನ್ನು ಮಾತ್ರ ಚೌಕಾಸಿಯಿಲ್ಲದೆ ಒಪ್ಪಿಕೊಂಡಿದ್ದಾರೆ: ಸುಖವೇನಿದ್ದರೂ ಕೂತವನದು, ಅದು ಸಿಕ್ಕರೆ ಅವನಿಗೆ ಲಾಭ, ಸಿಗದಿದ್ದರೆ ಯಾರಿಗೂ ನಷ್ಟವಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ಮೈಗೆ ಸಿಕ್ಕ ಹಿತ ಆ ಮೈಯವನಿಗೆ ಮಾತ್ರ ಸಲ್ಲದೆ, ಅವನ ಕೈಯಲ್ಲಿ ಸಿಕ್ಕಿಕೊಂಡ ಇನ್ನೊಂದು ಜೀವಕ್ಕೂ ಸಲ್ಲುವ ಕೆಲಸಗಳಿವೆ. ಬಿಲ್ಲಿನ ಬೇಟೆ ಅಂಥದ್ದೊಂದು.

ಮೊದಲು ವಸ್ತು ಯಾವುದೆಂದು ಹೇಳಿಬಿಡುತ್ತೇನೆ. ಅಗಲವಾದ ಗಟ್ಟಿ ಬಟ್ಟೆಯ ಪಟ್ಟಿಯೊಂದು ಬೇಟೆಗಾರನ ಕುಂಡಿ ಮತ್ತು ತೊಡೆಯ ಹಿಂಭಾಗವನ್ನು ಜೋಳಿಗೆಯ ಹಾಗೆ ಹಿಡಿದುಕೊಳ್ಳುತ್ತದೆ. ಸೊಂಟಕ್ಕೆ ಬೆಲ್ಟು, ಎರಡೂ ತೊಡೆಗೆ ಒಂದೊಂದು ಪಟ್ಟಿ. ಎಡ ಬಲ ಸೊಂಟದ ಕುಣಿಕೆಗಳನ್ನು ಮುಂಭಾಗದಲ್ಲಿ ಜೋಡಿಸುವ ಗಿಡ್ಡ ಹಗ್ಗಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಮರದ ಕಾಂಡಕ್ಕೆ ಸುತ್ತಿ ಬಿಗಿದ ಇನ್ನೊಂದು ಹಗ್ಗ, ಟೆದರ್, ಈ ಬ್ರಿಡ್ಜನ್ನು ಕೊಕ್ಕೆಯೊಂದರಿಂದ ಹಿಡಿದಿರುತ್ತದೆ. ಕಾಲಿನ ಕೆಳಗೆ ಕಾಂಡಕ್ಕೆ ಕಟ್ಟಿದ ಪುಟ್ಟ ಲೋಹದ ಮೆಟ್ಟು. ಇಷ್ಟೇ. ಬೇಟೆಗಾರ ಮರಕ್ಕೆ ಮುಖ ಮಾಡಿ, ಮೆಟ್ಟಿಗೆ ಪಾದ ಒತ್ತಿ, ಹಿಂದಕ್ಕೆ ವಾಲಿ ಜೋತಿರುತ್ತಾನೆ. ಅಥವಾ ಮಂಡಿಯನ್ನು ಕಾಂಡಕ್ಕೆ ಆನಿಸಿ ಕೂರುತ್ತಾನೆ. ಹಿಂದಿನ ಕ್ರಮವೆಂದರೆ ಟ್ರೀ ಸ್ಟ್ಯಾಂಡ್, ಮರಕ್ಕೆ ಬಿಗಿಯುವ ಲೋಹದ ಅಟ್ಟಣೆ. ಮರ ಹತ್ತಿಸಿಕೊಂಡು ಹೋಗುವಂಥವು 8–10 ಕಿಲೊ ತೂಗುತ್ತವೆ. ಸ್ಯಾಡಲ್ಲಿನ ಬಟ್ಟೆ ಹಗ್ಗ ಸೇರಿ ಸುಮಾರು ಒಂದು ಕಿಲೊ. ಮಿಶಿಗನ್ನಿನ ಬಿಲ್ಲುಬೇಟೆಗಾರ ಜಾನ್ ಎಬರ್‌ಹಾರ್ಟ್ ಅಂಥವರು ದಶಕಗಳಿಂದ ಇದನ್ನೇ ನೆಚ್ಚಿಕೊಂಡು ಬರೆದರೂ ಬಹುಕಾಲ ಇದು ಕೆಲವೇ ಹುಚ್ಚರ ಪರಿಕರವಾಗಿತ್ತು. ಕಳೆದ ಏಳೆಂಟು ವರ್ಷಗಳಲ್ಲಿ ಹೊಸ ಕಂಪನಿಗಳು ಬಂದು ಅದನ್ನು ಅಂಗಡಿಯ ಮುಂದಿನ ಸಾಲಿಗೆ ತಂದಿವೆ.

ಈಗ ಜಿಂಕೆಯ ಕಡೆಯಿಂದ ನೋಡೋಣ. ಇಲ್ಲಿ ಬೇಟೆಯಾಗುವುದು ಬಿಳಿಬಾಲದ ಜಿಂಕೆ. ಅದಕ್ಕೆ ಕೆಂಪು ಬಣ್ಣ ಸರಿಯಾಗಿ ಕಾಣದು, ಆದರೆ ತಲೆಯ ಪಕ್ಕಕ್ಕಿರುವ ಕಣ್ಣುಗಳು ಸುಮಾರು 300 ಡಿಗ್ರಿಯಷ್ಟು ಲೋಕವನ್ನು ಒಮ್ಮೆಗೇ ನೋಡುತ್ತವೆ, ಚಲನೆಯೊಂದನ್ನು ಮಾತ್ರ ಬಿಡುವುದಿಲ್ಲ. ಬಿಲ್ಲಿನ ಬೇಟೆಗಾರನಿಗೆ ಅದು 25 ಮೀಟರಿನೊಳಗೆ ಬರಬೇಕು. ಬಂದಮೇಲೂ ಲೆಕ್ಕ ಸುಲಭವಿಲ್ಲ. ಇಂದಿನ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ. ಹೆದೆಯ ಸದ್ದು 340 ಮೀಟರ್. ಅಂದರೆ 25 ಮೀಟರ್ ದೂರದ ಜಿಂಕೆಗೆ ಬಾಣ ತಲಪುವ ಮೊದಲೇ ಸದ್ದು ತಲಪಿ, ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಅದರ ಪಾಲಿಗೆ ಉಳಿಯುತ್ತದೆ. ಬೆದರಿದ ಜಿಂಕೆ ನೆಗೆಯಲು ಮೊದಲು ಮೈ ಕುಗ್ಗಿಸುತ್ತದೆ. ಪುಪ್ಪುಸಕ್ಕೆ ಇಟ್ಟ ಗುರಿ ಬೆನ್ನಿಗೆ ಬಡಿಯಲು ಅಷ್ಟು ಸಾಕು. ಮೊದಲೇ ಅನುಮಾನದಲ್ಲಿದ್ದ ಜಿಂಕೆ ಇನ್ನೂ ಚುರುಕಾಗಿ ಕುಗ್ಗುತ್ತದೆ. ಆ ಅನುಮಾನ ಬಹಳ ಸಲ ಹುಟ್ಟುವುದು ಮೇಲೆ ಕೂತವನು ಜೋಮು ಹಿಡಿದ ಕಾಲನ್ನು ಸರಿಸಿದ್ದರಿಂದ.

ನೋವು ಅಷ್ಟಕ್ಕೇ ಸುಮ್ಮನಿರುವುದಿಲ್ಲ, ತೀರ್ಮಾನಕ್ಕೂ ಕೈ ಹಾಕುತ್ತದೆ. ಸೊಂಟ ಸುಡುತ್ತಿರುವವನು ಜಿಂಕೆ ಅಡ್ಡ ತಿರುಗುವ ತನಕ ಕಾಯುವುದಿಲ್ಲ. ಎದುರಾಬದುರು ನಿಂತಾಗಲೇ, ಕೊಂಬೆಯ ಸಂದಿಯಲ್ಲೇ, ಬೆಳಕು ಜಾರಿದ ಮೇಲೂ ಬಾಣ ಬಿಡುತ್ತಾನೆ. ‘ಇಷ್ಟು ಹೊತ್ತು ಅನುಭವಿಸಿದ್ದೇನೆ’ ಎಂಬುದು ಅವನ ಒಳಗಿನ ವಕೀಲನ ವಾದ. ಹೊಟ್ಟೆಗೆ ಬಾಣ ನೆಟ್ಟ ಜಿಂಕೆ ತಾಸುಗಟ್ಟಲೆ ನರಳುತ್ತದೆ, ಎಷ್ಟೋ ಸಲ ಬೇಟೆಗಾರನಿಗೆ ಸಿಗುವುದೂ ಇಲ್ಲ. ಆದ್ದರಿಂದ ಕಷ್ಟ ಸಹಿಸಿದವನು ನೈತಿಕವಾಗಿ ಮೇಲು ಎಂಬ ವಾದ ನನಗೆ ರುಚಿಸುವುದಿಲ್ಲ. ಅವನು ಸಹಿಸಿದ ಕಷ್ಟದ ಬಡ್ಡಿ ಕಟ್ಟುವುದು ಬೇರೆ ಯಾರೋ.

ಹಾಗಾದರೆ ಹಿತವಾದ ಸ್ಯಾಡಲ್ ಯಾವುದು? ಅಂಗಡಿಯವರ ಉತ್ತರ ಮೆತ್ತೆ: ಇನ್ನಷ್ಟು ದಪ್ಪದ ಫೋಮ್, ಇನ್ನಷ್ಟು ಅಗಲದ ಬಟ್ಟೆ. ಮಿಶಿಗನ್ನಿನಲ್ಲಿರುವ ಗೆಳೆಯರೊಬ್ಬರ ಹಿತ್ತಲ ಮೇಪಲ್ ಮರಕ್ಕೆ ನೆಲದಿಂದ ಮೊಳದೆತ್ತರದಲ್ಲಿ ಒಮ್ಮೆ ಜೋತು ನೋಡಿದವನಾಗಿ, ಈ ಉತ್ತರ ತಪ್ಪು ಎಂದು ಧೈರ್ಯವಾಗಿ ಹೇಳಬಲ್ಲೆ. ಮೊದಲ ಐದು ನಿಮಿಷ ಉಯ್ಯಾಲೆಯ ಸುಖ. ಆಮೇಲೆ ಸೊಂಟದ ಎರಡೂ ಪಕ್ಕದ ಮೂಳೆಯ ಗುಬುಟನ್ನು ಯಾರೋ ಇಕ್ಕುಳದಲ್ಲಿ ಹಿಡಿದು ನಿಧಾನಕ್ಕೆ ಬಿಗಿಯುತ್ತಿರುವಂತೆ ಅನಿಸತೊಡಗಿತು. ನಾನು ಮೆತ್ತೆ ಹುಡುಕುತ್ತಿದ್ದೆ. ಗೆಳೆಯರು ಬಂದು ಬ್ರಿಡ್ಜಿನ ಗಂಟನ್ನು ಜಾರಿಸಿ ನಾಲ್ಕು ಬೆರಳಿನಷ್ಟು ಉದ್ದ ಮಾಡಿದರು, ಇಕ್ಕುಳ ಬಿಟ್ಟುಕೊಂಡಿತು. ಬಟ್ಟೆಯ ಕೆಳಗಂಚನ್ನು ಒಂದಿಷ್ಟು ತೊಡೆಯ ಕಡೆಗೆ ಎಳೆದರು. ಬೆನ್ನಿನ ಬುಡದ ಸೆಳೆತ ನಿಂತಿತು. ಟೆದರನ್ನು ಕಾಂಡದ ಮೇಲೆ ಒಂದು ಗೇಣು ಏರಿಸಿದರು. ವಾಲಿದ್ದವನು ನೆಟ್ಟಗೆ ಕೂತೆ. ಬಟ್ಟೆ ಅದೇ, ಮೈ ಅದೇ.

ಇದರ ಹಿಂದಿರುವುದು ಶಾಲೆಯ ಭೌತಶಾಸ್ತ್ರ. ಬ್ರಿಡ್ಜ್ ಗಿಡ್ಡವಾದಷ್ಟೂ ಅದರ ಎರಡು ಎಳೆಗಳ ನಡುವಿನ ಕೋನ ಹಿಗ್ಗಿ, ಎಳೆತದ ಹೆಚ್ಚಿನ ಪಾಲು ಸೊಂಟವನ್ನು ಎರಡೂ ಕಡೆಯಿಂದ ಒಳಕ್ಕೆ ಹಿಂಡುತ್ತದೆ. ಉದ್ದವಾದರೆ ಹಿಂಡುವಿಕೆ ಕಡಿಮೆ, ಆದರೆ ದೇಹ ಮರದಿಂದ ದೂರ ಹೋಗುತ್ತದೆ, ಕಾಂಡದ ಮರೆ ತಪ್ಪುತ್ತದೆ. ಒಂದೇ ಅಗಲ ಪಟ್ಟಿಯ ಸ್ಯಾಡಲ್ ಹಾಕಿಕೊಳ್ಳಲು ಸಲೀಸು. ಎರಡು ಪಟ್ಟಿಯದಾದರೆ ಒಂದನ್ನು ತೊಡೆಗೆ, ಒಂದನ್ನು ಸೊಂಟಕ್ಕೆ ಸರಿಸಿ ಗಂಟೆಗೊಮ್ಮೆ ಭಾರದ ಜಾಗ ಬದಲಿಸಬಹುದು, ಪೀಕಲಾಟವೂ ಅಷ್ಟೇ ಹೆಚ್ಚು. ನಾನು ಎರಡು ಪಟ್ಟಿಯದರ ಕಡೆಗೇ ವಾಲುತ್ತೇನೆ. ಯಾವ ಭಂಗಿಯೂ ಮೂರು ತಾಸು ಹಿತವಾಗಿರುವುದಿಲ್ಲ. ಭಂಗಿ ಬದಲಿಸಲು ಬಿಡುವ ವಸ್ತುವೇ ಹಿತವಾದದ್ದು. ಮೆತ್ತೆಯಂತೂ ಒಂದೇ ಕಡೆ ಕೂತುಬಿಡು ಎಂದು ಪುಸಲಾಯಿಸುತ್ತದೆ. ಹಾಗೆ ಕೂತರೆ ಅಪಾಯವೂ ಇದೆ. ಪಾದಕ್ಕೆ ಆಸರೆಯಿಲ್ಲದೆ ಪಟ್ಟಿಗಳಲ್ಲಿ ಅಲುಗಾಡದೆ ಜೋತಿದ್ದರೆ ರಕ್ತ ಕಾಲಿನಲ್ಲೇ ನಿಂತು ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಬರಬಹುದು. ಹಾಗಾಗಿ ಸ್ಯಾಡಲ್ಲಿನ ಹಿತ ಅರ್ಧದಷ್ಟು ಇರುವುದು ಕಾಲಡಿಯ ಆ ಪುಟ್ಟ ಮೆಟ್ಟಿನಲ್ಲಿ. ಕೊಳ್ಳುವವರು ದುಡ್ಡು ಉಳಿಸಲು ಹೋಗುವುದು ಅಲ್ಲೇ.

ಈ ವಾದಕ್ಕೆ ದೊಡ್ಡ ಎದುರಾಳಿ ಆಲ್ಡೊ ಲಿಯೊಪೋಲ್ಡ್. ಅಮೆರಿಕದ ಪರಿಸರ ಚಿಂತನೆಗೆ ತಳಪಾಯ ಹಾಕಿದ ಈ ಅರಣ್ಯಾಧಿಕಾರಿ ಸ್ವತಃ ಬೇಟೆಗಾರ, ತಮ್ಮ ಬಿಲ್ಲುಗಳನ್ನು ತಾವೇ ಕೆತ್ತಿಕೊಳ್ಳುತ್ತಿದ್ದವರು; ಅವರ ಹೆಂಡತಿ ಎಸ್ಟೆಲ್ಲಾ ವಿಸ್ಕಾನ್ಸಿನ್ ರಾಜ್ಯದ ಬಿಲ್ವಿದ್ಯೆಯ ಚಾಂಪಿಯನ್. 1949ರಲ್ಲಿ, ಲಿಯೊಪೋಲ್ಡ್ ತೀರಿಕೊಂಡ ಮರುವರ್ಷ ಬಂದ ‘ಎ ಸ್ಯಾಂಡ್ ಕೌಂಟಿ ಆಲ್ಮನಾಕ್’ನಲ್ಲಿ ಅವರು ಬೇಟೆಯ ಸಲಕರಣೆ ವ್ಯಾಪಾರವನ್ನು ಚೆನ್ನಾಗಿ ಝಾಡಿಸುತ್ತಾರೆ. ಸ್ವಾವಲಂಬನೆಗೆ ನೆರವಾಗಬೇಕಿದ್ದ ಪರಿಕರ ಅದರ ಬದಲಿಗೆ ತಾನೇ ಕೂತುಬಿಡುತ್ತದೆ ಎಂಬುದು ಅವರ ಆತಂಕ. ಬೇಟೆಗಾರನಿಗೆ ಚಪ್ಪಾಳೆ ತಟ್ಟಲು ಪ್ರೇಕ್ಷಕರಿಲ್ಲ, ನೋಡುವುದು ಅವನ ಮನಸ್ಸಾಕ್ಷಿಯೊಂದೇ, ಆದ್ದರಿಂದ ಅವನ ಮೇಲಿನ ಕಟ್ಟು ಹೆಚ್ಚು ಬಿಗಿಯಾಗಿರಬೇಕು ಎಂದೂ ಅವರು ವಾದಿಸಿದರು.

ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಅಮೆರಿಕದ ಆಧುನಿಕ ಬಿಲ್ಲುಬೇಟೆಯ ಮೂಲದಲ್ಲಿ ಇಷಿ ಇದ್ದಾನೆ. ಯಾಹಿ ಜನಾಂಗದ ಈ ಮನುಷ್ಯ ತನ್ನವರೆಲ್ಲ ಸತ್ತುಹೋದ ಮೇಲೆ 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಬಳಿ ಕಾಣಿಸಿಕೊಂಡ. 1916ರಲ್ಲಿ ಸಾಯುವ ತನಕ ಸ್ಯಾನ್ ಫ್ರಾನ್ಸಿಸ್ಕೊದ ವಸ್ತುಸಂಗ್ರಹಾಲಯದಲ್ಲಿದ್ದ. ವೈದ್ಯ ಸ್ಯಾಕ್ಸ್‌ಟನ್ ಪೋಪ್ ಬಿಲ್ಲು ಹಿಡಿಯಲು ಕಲಿತದ್ದು ಅವನಿಂದ, 1923ರಲ್ಲಿ ಬಿಲ್ಲುಬೇಟೆಯ ಪುಸ್ತಕ ಬರೆದದ್ದು ಆಮೇಲೆ. ಇಷಿಗೆ ಸ್ಯಾಡಲ್ ಇರಲಿಲ್ಲ. ಹೊಂಚು ಹಾಕುವುದು, ಗಾಳಿಯ ದಿಕ್ಕು ನೋಡುವುದು, ಪ್ರಾಣಿಯನ್ನು ಕರೆದು ಹತ್ತಿರಕ್ಕೆ ಬರಿಸುವುದು ಗೊತ್ತಿತ್ತು. ಆ ವಿದ್ಯೆಯ ಜಾಗದಲ್ಲಿ ಬಟ್ಟೆ ಹಗ್ಗ ಬಂದು ಕೂತರೆ ಲಿಯೊಪೋಲ್ಡ್ ಹೇಳಿದ್ದೇ ನಿಜವಾಯಿತು.

ಆದರೆ ಎಲ್ಲ ಸುಖವನ್ನೂ ಒಂದೇ ಮೂಟೆಗೆ ತುಂಬುವುದು ನ್ಯಾಯವಲ್ಲ. ಬೇಟೆಗಾರನನ್ನು ಕಾಡಿನ ಎದುರು ಹೆಚ್ಚು ಹೊತ್ತು ಎಚ್ಚರವಾಗಿ ನಿಲ್ಲಿಸುವ ಸುಖ ಬೇರೆ, ಕಾಡಿನಿಂದ ಅವನನ್ನು ಬಿಡಿಸಿ ಒಳಗೆ ಕರೆದುಕೊಳ್ಳುವ ಸುಖ ಬೇರೆ. ಹೀಟರ್, ಗಾಜಿನ ಕಿಟಕಿ, ತಿರುಗುವ ಕುರ್ಚಿಯ ಪೆಟ್ಟಿಗೆಮನೆಗಳಿವೆ. ಜಿಂಕೆ ಬಂದೊಡನೆ ಮೊಬೈಲಿಗೆ ಫೋಟೊ ಕಳಿಸುವ ಕ್ಯಾಮೆರಾಗಳಿವೆ; ಕೆಲವು ರಾಜ್ಯಗಳು ಇವಕ್ಕೆ ಕಡಿವಾಣ ಹಾಕಿವೆ, ಸರಿಯಾಗಿಯೇ ಹಾಕಿವೆ. ಸ್ಯಾಡಲ್ಲಿನಲ್ಲಿ ಜೋತವನಿಗೆ ಮಳೆ ತಪ್ಪುವುದಿಲ್ಲ, ಚಳಿ ತಪ್ಪುವುದಿಲ್ಲ, ಮರ ತೂಗಿದರೆ ಅವನೂ ತೂಗುತ್ತಾನೆ. ಗಾಳಿ ತಿರುಗಿದರೆ ಇಳಿದು ಮರ ಬದಲಿಸಬಲ್ಲ, ಹಾಗಾಗಿ ಗಾಳಿ ಓದುವ ವಿದ್ಯೆಯನ್ನು ಮರೆಯುವ ಹಾಗೂ ಇಲ್ಲ. ಅವನಿಗೆ ಕಡಿಮೆಯಾಗುವುದು ಸೊಂಟದ ಇಕ್ಕುಳವೊಂದೇ. ಆ ಇಕ್ಕುಳದಿಂದ ಯಾರೂ ಏನನ್ನೂ ಕಲಿತದ್ದಿಲ್ಲ.

ಕೊಲ್ಲುವುದೇ ತಪ್ಪು ಎನ್ನುವವರಿಗೆ ಇಷ್ಟರಿಂದ ಸಮಾಧಾನವಾಗದು, ಆಗಬೇಕಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಷೋಕಿಯ ಬೇಟೆಯ ಅಧ್ಯಾಯ ಮುಗಿದಿದೆ, ಮುಗಿದದ್ದು ಒಳ್ಳೆಯದೇ. ಅಮೆರಿಕದ ಕಥೆ ಬೇರೆ ದಾರಿ ಹಿಡಿಯಿತು. ವ್ಯಾಪಾರಕ್ಕಾಗಿ ಕೊಂದೂ ಕೊಂದೂ 1900ರ ಸುಮಾರಿಗೆ ಐದು ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆ ಇಂದು ಮೂರು ಕೋಟಿಯ ಆಸುಪಾಸಿನಲ್ಲಿದೆ ಎಂಬುದು ಅಂದಾಜು. ಕಾಪಾಡಲು ಹಣ ಬಂದದ್ದರಲ್ಲಿ ಒಂದು ಪಾಲು 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಿಂದ, ಅಂದರೆ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯಿಂದ. ಬಿಲ್ಲುಬಾಣಗಳೂ ಮುಂದೆ ಅದರಡಿ ಬಂದವು. ತೋಳ ಇಲ್ಲದ ಊರುಗಳಲ್ಲಿ ಈಗ ಅದೇ ಜಿಂಕೆ ಕಾಡಿನ ಎಳೆ ಸಸಿಗಳನ್ನು ಮೇಲೇಳಲು ಬಿಡದೆ ಮೇಯುತ್ತದೆ, ರಾತ್ರಿ ಕಾರಿಗೆ ಅಡ್ಡ ಬರುತ್ತದೆ. ನ್ಯೂಜೆರ್ಸಿಯಲ್ಲೋ ಮಿಶಿಗನ್ನಿನಲ್ಲೋ ಹಿತ್ತಲಲ್ಲಿ ಮೆಂತ್ಯ, ಬಸಳೆ ಬಿತ್ತಿ ಬೇಲಿ ಕಟ್ಟಿ ಸೋತ ಕನ್ನಡಿಗರನ್ನು ಕೇಳಿ; ಜಿಂಕೆಯ ಬಗ್ಗೆ ಇದ್ದ ಕಾವ್ಯವೆಲ್ಲ ಅವರಲ್ಲಿ ಎಂದೋ ಮುಗಿದಿದೆ. ಹೇಗೂ ಕೊಲ್ಲುವುದಾದರೆ ಕೊಲ್ಲುವವನ ಕೈ ನಡುಗದಿರಲಿ ಎಂಬಲ್ಲಿಗೆ ನನ್ನ ಮಾತು ನಿಲ್ಲುತ್ತದೆ.

ಕಷ್ಟವನ್ನು ಪೂಜಿಸುವವರಿಗೆ ನಾನು ಮಲೆನಾಡಿನ ಅಡಿಕೆ ತೋಟ ತೋರಿಸಲು ಬಯಸುತ್ತೇನೆ. ಅಲ್ಲಿ ಕೊನೆಗಾರ ಕಾಲಿಗೆ ತಳೆ ಹಾಕಿ ಹತ್ತಿ, ಹಗ್ಗದ ಮಣೆಯೊಂದನ್ನು ಮರಕ್ಕೆ ಸಿಕ್ಕಿಸಿ ಅದರ ಮೇಲೆ ಕೂತು, ಆಷಾಢದ ಮಳೆಯ ನಡುವೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾನೆ. ಇಳಿಯದೆಯೇ ಪಕ್ಕದ ಮರಕ್ಕೆ ದಾಟುತ್ತಾನೆ. ಅವನೂ ಹಗ್ಗದ ಆಸರೆಯಲ್ಲಿ ಮರದ ತುದಿಯಲ್ಲಿ ತಾಸುಗಟ್ಟಲೆ ಕಳೆಯುವವನೇ, ಅದೂ ವಾರಾಂತ್ಯದ ಹವ್ಯಾಸಕ್ಕಲ್ಲ. ಅವನ ಸೊಂಟದ ಮೂಳೆಗೆ ಎಲ್ಲಿ ಒತ್ತುತ್ತದೆ ಎಂದು ಕೇಳಿ ಮಣೆಯನ್ನು ತಿದ್ದಲು ಯಾವ ಕಂಪನಿಯೂ ಹೊರಡಲಿಲ್ಲ. ಬಂಟ್ವಾಳದ ಕೃಷಿಕರೊಬ್ಬರು ಮರ ಏರುವ ಪೆಟ್ರೋಲ್ ಬೈಕು ಮಾಡಿದರು, ಈಗ ನೆಲದಿಂದಲೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಆದರೆ ದೋಟಿ ಬಂದದ್ದು ಕೊನೆಗಾರ ಸಿಗದಾದ ಮೇಲೆ. ಅವನು ಸಿಗುತ್ತಿದ್ದಷ್ಟು ಕಾಲ ಅವನ ಕಷ್ಟವನ್ನು ಕೌಶಲ ಎಂದು ಹೊಗಳಿದ್ದಾಯಿತು. ಬೇರೆಯವರ ನೋವನ್ನು ಶೌರ್ಯ ಎಂದು ಕರೆದರೆ ಅದನ್ನು ಕಡಿಮೆ ಮಾಡುವ ಖರ್ಚು ಉಳಿಯುತ್ತದೆ.

ಇನ್ನು ಕೊಳ್ಳುವವರಿಗೆ. ಅಂಗಡಿಯ ತೊಲೆಗೆ ಟೀ ಶರ್ಟಿನಲ್ಲಿ ಹತ್ತು ನಿಮಿಷ ಜೋತರೆ ಏನೂ ತಿಳಿಯದು. ಮಿಶಿಗನ್ನಿನಲ್ಲಿ ಬಿಲ್ಲಿನ ಋತು ಅಕ್ಟೋಬರ್ 1ಕ್ಕೆ ಶುರುವಾದರೂ ದಿನವಿಡೀ ಕೂರಬೇಕಾಗುವುದು ಗಂಡುಗಳಿಗೆ ಬೆದೆ ಏರುವ ನವೆಂಬರಿನಲ್ಲಿ, ಬಟ್ಟೆಯ ಮೇಲೆ ಬಟ್ಟೆ ಹೊದ್ದು. ಅಷ್ಟೂ ಬಟ್ಟೆ ಹಾಕಿ, ಕಣಕಾಲೆತ್ತರದಲ್ಲಿ ಕಟ್ಟಿಕೊಂಡು, ಒಂದು ಸಂಜೆ ಪೂರ್ತಿ ಕಳೆಯಬೇಕು. ಬಲಗೈಯವರು ತಮ್ಮ ಬಲಪಕ್ಕಕ್ಕೆ, ಅಂದರೆ ತಿರುಗಲು ಕಷ್ಟವಾಗುವ ಕಡೆಗೇ, 25 ಕಿಲೊ ಎಳೆತದ ಬಿಲ್ಲನ್ನು ಪೂರ್ತಿ ಸೆಳೆದು ಹಿಡಿದು ನೋಡಬೇಕು. ಆಗ ಬ್ರಿಡ್ಜ್ ತೋಳಿಗೆ ಅಡ್ಡ ಬರುತ್ತದೆಯೇ, ಮಂಡಿ ಜಾರುತ್ತದೆಯೇ ಎಂಬುದು ಗೊತ್ತಾಗುತ್ತದೆ. ಗೆಳೆಯನಿಗೆ ಒಗ್ಗಿದ್ದು ನಿಮಗೆ ಒಗ್ಗಬೇಕೆಂದಿಲ್ಲ. ಸೊಂಟದ ಅಳತೆ ಒಂದೇ ಇದ್ದರೂ ಮೂಳೆಯ ಅಗಲ ಬೇರೆ. ಟೆದರ್ ಮತ್ತು ಬ್ರಿಡ್ಜ್ ಎರಡೂ ಕೈಗವಸು ಹಾಕಿದ ಒಂದೇ ಕೈಯಿಂದ ಉದ್ದ ಗಿಡ್ಡ ಮಾಡಲು ಬರದಿದ್ದರೆ ಬಟ್ಟೆ ಎಷ್ಟೇ ಮೆತ್ತಗಿರಲಿ, ಬೇಡ.

ಹಿತಕ್ಕೂ ಒಂದು ಮೇಲ್ಮಿತಿ ಇದೆ, ಅದನ್ನು ಮಾತ್ರ ಮಾರುವವರು ಹೇಳುವುದಿಲ್ಲ. ಇದರಲ್ಲಿ ನಿದ್ದೆ ಬರುವಷ್ಟು ಆರಾಮ ಎಂದು ಮೆಚ್ಚುಗೆಯಿಂದ ಹೇಳುವ ಬೇಟೆಗಾರರಿದ್ದಾರೆ. ಟ್ರೀ ಸ್ಟ್ಯಾಂಡಿನ ಮೇಲೆ ತೂಕಡಿಸಿ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಪಕ್ಕದಲ್ಲಿ ಇವರು ಪುಣ್ಯವಂತರೇ. ಸಡಿಲವಿಲ್ಲದೆ ಬಿಗಿದ ಟೆದರ್ ಇವರನ್ನು ಬೀಳಲು ಬಿಡುವುದಿಲ್ಲ. ಆದರೆ ಎಚ್ಚರವಾಗಿರುವುದಕ್ಕೆಂದು ಕೊಂಡ ಸುಖ ಅದು. ನಿದ್ದೆಗಣ್ಣಿನಲ್ಲಿ ತಟ್ಟನೆ ಎದ್ದು ಬಿಲ್ಲು ಸೆಳೆಯುವವನಿಗಿಂತ, ಸೊಂಟ ತುಸು ನೋಯುತ್ತ ಕಣ್ಣು ತೆರೆದಿರುವವನೇ ಮೇಲೆ ಕೂತಿರಲಿ ಎಂದು ಕೆಳಗಿನ ಜಿಂಕೆಯ ಪರವಾಗಿ ನಾನು ಬಯಸುತ್ತೇನೆ.