ಮುಂದಾಳುತನವೆಂದರೆ ಮುಂದಿನ ಸಾಲಿನ ಕುರ್ಚಿಯೇ?

ನಮ್ಮ ಗಡಿನಾಡಿನಲ್ಲಿ ಸಂಘಗಳಿಗೆ ಬರವಿಲ್ಲ. ಯಕ್ಷಗಾನ ಸಂಘ, ಯುವಕ ಸಂಘ, ವಾಚನಾಲಯ, ಭಜನಾ ಮಂದಿರ, ಶಾಲೆಯ ರಕ್ಷಕ-ಶಿಕ್ಷಕ ಸಂಘ ಹೀಗೆ ಯಾವ ಊರಿಗೆ ಹೋದರೂ ನಾಲ್ಕಾರು ಫಲಕಗಳು ಕಣ್ಣಿಗೆ ಬೀಳುತ್ತವೆ. ಎಲ್ಲಕ್ಕೂ ಅಧ್ಯಕ್ಷರಿದ್ದಾರೆ, ಉಪಾಧ್ಯಕ್ಷರಿದ್ದಾರೆ, ವಾರ್ಷಿಕೋತ್ಸವದಂದು ಶಾಲು ಹೊದಿಸಿಕೊಳ್ಳುವ ಗಣ್ಯರೂ ಇದ್ದಾರೆ. ಆದರೆ ಶಾಲೆ ತೆರೆಯುವುದಕ್ಕೆ ಮೊದಲು, ಮೇ ತಿಂಗಳ ಬಿಸಿಲಿನಲ್ಲಿ ಮನೆಮನೆಗೆ ಹೋಗಿ, ಮಗುವನ್ನು ಕನ್ನಡ ಶಾಲೆಗೆ ಸೇರಿಸಿರೆಂದು ಹೆತ್ತವರಲ್ಲಿ ಹೇಳುವವರು ಎಷ್ಟು ಮಂದಿ? ಬೆರಳೆಣಿಕೆಯಷ್ಟೇ. ಅವರಲ್ಲೂ ಹೆಚ್ಚಿನವರು ಅಧ್ಯಾಪಕರು. ಹಾಗಾದರೆ ನಾಯಕತ್ವವೆಂದು ನಾವು ಕರೆಯುತ್ತಿರುವುದು ಯಾವುದನ್ನು?

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಬದಿಯಡ್ಕದ ಪೆರಡಾಲದಲ್ಲಿ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನೆದರೆ ಸಾಕು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಆ ಶತಾಯುಷಿಯನ್ನು ನಾವು ಸಾಮಾನ್ಯವಾಗಿ ಕವಿಯೆಂದೂ ಹೋರಾಟಗಾರರೆಂದೂ ಹೊಗಳುತ್ತೇವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಡೆದ ವಿಲೀನೀಕರಣ ಚಳವಳಿಯಲ್ಲಿ ಅವರ ದನಿ ಎಲ್ಲೆಡೆ ಕೇಳಿಸಿತು, ನಿಜ. ಆದರೆ ಜನ ಆ ದನಿಗೆ ಓಗೊಟ್ಟದ್ದು ಏಕೆ? ವೇದಿಕೆಯಿಂದ ಇಳಿದ ಮೇಲೂ ಅವರು ಕೆಲಸದಲ್ಲೇ ಕಾಣಸಿಗುತ್ತಿದ್ದರು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಕೃಷಿ ಮಾಡಿದರು. ಹದಿನೈದು ವರ್ಷ ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿದ್ದರು. ತಮ್ಮ ಆತ್ಮಕಥೆಗೆ 'ದುಡಿತವೇ ನನ್ನ ದೇವರು' ಎಂದು ಹೆಸರಿಟ್ಟರು. ದುಡಿಯುವವನ ಮಾತಿಗೆ ಮಾತ್ರ ತೂಕ ಬರುತ್ತದೆ ಎಂಬುದನ್ನು ನಮ್ಮ ಜನ ಬಲ್ಲರು.

ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಕನ್ನಡಕ್ಕಾಗಿ ಅಷ್ಟು ಹೋರಾಡಿದ ರೈಗಳೇ ಮಲೆಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಹೋರಾಟ ಅನ್ಯಾಯದ ವಿರುದ್ಧವೇ ಹೊರತು ನೆರೆಯವನ ಭಾಷೆಯ ವಿರುದ್ಧವಲ್ಲವೆಂಬ ವಿವೇಕ ಅವರಲ್ಲಿತ್ತು. ದ್ವೇಷದಿಂದ ಜನರನ್ನು ಒಂದು ಸಂಜೆಯ ಮಟ್ಟಿಗೆ ಕೆರಳಿಸಬಹುದು; ವರ್ಷಗಟ್ಟಲೆ ಜತೆಗೆ ಕರೆದೊಯ್ಯಲು ಸಾಧ್ಯವಿಲ್ಲ.

ವರ್ಷಗಟ್ಟಲೆ ಎಂಬ ಮಾತು ನಮ್ಮ ಪಾಲಿಗೆ ಅಲಂಕಾರವಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಒಂದು ಜಿಲ್ಲೆಯೇ ಆಯಿತು. ಗೆಲುವಿನ ದಿನ ಮುಂದೆ ನಿಲ್ಲುವವರು ನೂರು ಮಂದಿ ಸಿಕ್ಕಾರು. ವರದಿ ಕಡತದಲ್ಲೇ ಉಳಿದಾಗ ಎದೆಗುಂದದೆ ಮರುದಿನ ಬೆಳಿಗ್ಗೆ ಶಾಲೆಯ ಬಾಗಿಲು ತೆರೆದವರೇ ನಮ್ಮನ್ನು ಇಲ್ಲಿಯವರೆಗೆ ತಂದವರು.

ಇಂಥ ಮುಂದಾಳುತನದ ಮಾದರಿ ನಮ್ಮ ಯಕ್ಷಗಾನದಲ್ಲೇ ಇದೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತರಿಗೆ ಕಿರೀಟವಿಲ್ಲ, ಬಣ್ಣವಿಲ್ಲ. ಆದರೂ ಅವರನ್ನು ಮೊದಲನೆಯ ವೇಷವೆನ್ನುತ್ತಾರೆ. ವೇಷಧಾರಿಯ ಶಕ್ತಿ ನೋಡಿ ಪದ್ಯ ಎತ್ತುತ್ತಾರೆ. ಹೊಸಬ ತಡವರಿಸಿದರೆ ಅವನ ಮಾನ ಹೋಗದಂತೆ ಆಟವನ್ನು ಮುಂದಕ್ಕೆ ಸಾಗಿಸುತ್ತಾರೆ. ಹುಡುಗರಿಗೆ ಮೊದಲು ಪೂರ್ವರಂಗದ ಕೋಡಂಗಿ, ಬಾಲಗೋಪಾಲರ ವೇಷ. ಹೆಜ್ಜೆ ಪಳಗಿದಂತೆ ದೊಡ್ಡ ವೇಷ. ಇಂದಿನ ಕೋಡಂಗಿಯೇ ನಾಳೆಯ ಅರ್ಜುನ. ನಮ್ಮ ಸಂಘಗಳಲ್ಲಿ ಮಾತ್ರ ಈ ಕ್ರಮವಿಲ್ಲ. ಇಪ್ಪತ್ತು ವರ್ಷ ಒಬ್ಬರೇ ಕಾರ್ಯದರ್ಶಿ. ಹುಡುಗರಿಗೆ ಕುರ್ಚಿ ಹಾಕುವ, ಬ್ಯಾನರ್ ಕಟ್ಟುವ ಕೆಲಸ. ಬಳಿಕ "ಈಗಿನ ಮಕ್ಕಳಿಗೆ ಆಸಕ್ತಿಯಿಲ್ಲ" ಎಂಬ ದೂರು. ಲೆಕ್ಕದ ಪುಸ್ತಕವನ್ನೇ ಕೈಗೆ ಕೊಡದಿದ್ದರೆ ಆಸಕ್ತಿ ಎಲ್ಲಿಂದ ಬರಬೇಕು?

ಜವಾಬ್ದಾರಿ ಹಂಚುವುದಕ್ಕೆ ಕೆಲಸಗಳಿಲ್ಲವೇ? ಬೇಕಾದಷ್ಟಿವೆ. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲೆಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನಲ್ಲಿ ಕನ್ನಡಿಗರು ಒಟ್ಟಾಗಿ ಪ್ರತಿಭಟಿಸಿದರು. ಕನ್ನಡ ತಿಳಿಯದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಕಗೊಂಡಾಗಲೂ ಹೆತ್ತವರು ಬೀದಿಗಿಳಿದದ್ದುಂಟು. ಅದು ಅಗತ್ಯವೇ ಆಗಿತ್ತು. ಆದರೆ ಧರಣಿಗೆ ಜನ ಸೇರಿಸುವುದು ಒಂದು ದಿನದ ಕೆಲಸ. ಕಡತ ಯಾವ ಮೇಜಿನಲ್ಲಿದೆಯೆಂದು ವಾರ ವಾರ ವಿಚಾರಿಸುವುದು ಒಂದು ವರ್ಷದ ಕೆಲಸ. ಈ ಎರಡನೆಯದಕ್ಕೆ ಹಾರವಿಲ್ಲ, ಪತ್ರಿಕೆಯಲ್ಲಿ ಚಿತ್ರವಿಲ್ಲ. ಆದುದರಿಂದಲೇ ಅಲ್ಲಿ ನೂಕುನುಗ್ಗಲೂ ಇಲ್ಲ.

ಕಾನೂನು ನಮ್ಮ ಕೈಯನ್ನು ಪೂರ್ತಿ ಬರಿದಾಗಿಸಿಲ್ಲ. ದೂರು ನಿವೇದನೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು 350ಎ ಹೇಳುತ್ತದೆ. ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶವಿದೆ. ಇದನ್ನು ಬಲ್ಲ ಮುಂದಾಳು ತಾನೇ ಹತ್ತು ಅರ್ಜಿ ಬರೆದರೆ ಹತ್ತು ಅರ್ಜಿಗಳಾದವು. ಹತ್ತು ಮನೆಯವರಿಗೆ ಅರ್ಜಿ ಬರೆಯಲು ಕಲಿಸಿದರೆ ಹತ್ತು ಮನೆಗಳಿಗೆ ಧೈರ್ಯ ಬಂತು. ನಾಯಕನ ಅಳತೆಗೋಲು ಇಷ್ಟೇ: ಅವನು ಇಲ್ಲದ ದಿನವೂ ಕೆಲಸ ನಡೆಯುತ್ತದೆಯೇ?

ಕಹಿಯಾದರೂ ಒಂದು ಮಾತು ಹೇಳಲೇಬೇಕು. ಕನ್ನಡದ ವೇದಿಕೆಯಲ್ಲಿ ಭಾಷಣ ಮಾಡಿ, ಸ್ವಂತ ಮಕ್ಕಳನ್ನು ಇಂಗ್ಲಿಷ್ ಶಾಲೆಯ ವಾಹನ ಹತ್ತಿಸುವವರು ನಮ್ಮ ನಡುವೆ ಇದ್ದಾರೆ, ಅಧ್ಯಾಪಕರಲ್ಲೂ ಇದ್ದಾರೆ. ಮಗುವಿನ ಭವಿಷ್ಯದ ಚಿಂತೆ ಎಲ್ಲ ಹೆತ್ತವರಿಗೂ ಸಹಜ. ಹಾಗಿದ್ದರೆ ಆ ಚಿಂತೆಯನ್ನು ಬಹಿರಂಗವಾಗಿ ಚರ್ಚಿಸೋಣ, ಕನ್ನಡ ಶಾಲೆಯಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಏರ್ಪಾಡಿಗೆ ಒತ್ತಾಯಿಸೋಣ. ಕೂಲಿ ಮಾಡುವವನ ಮಗು ಮಾತ್ರ ಕನ್ನಡ ಉಳಿಸಲಿ ಎಂಬ ನಾಯಕತ್ವವನ್ನು ಯಾರೂ ಹಿಂಬಾಲಿಸುವುದಿಲ್ಲ, ಹಿಂಬಾಲಿಸಲೂಬಾರದು.

ಬರುವ ಮಹಾಸಭೆಗಳಲ್ಲಿ ಪ್ರತಿ ಸಂಘವೂ ಇಪ್ಪತ್ತೈದರ ಒಳಗಿನ ಇಬ್ಬರನ್ನು, ಅವರಲ್ಲಿ ಒಬ್ಬಳು ಹುಡುಗಿಯನ್ನು, ಪದಾಧಿಕಾರಿಗಳಾಗಿ ಆರಿಸಲಿ. ಲೆಕ್ಕಪತ್ರವೂ ಕಚೇರಿಯ ಓಡಾಟವೂ ಅವರ ಕೈಗೆ ಬರಲಿ. ಹಿರಿಯರು ಪಕ್ಕದಲ್ಲಿ ಕುಳಿತು ತಾಳ ಹಿಡಿಯಲಿ. ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಹಾಜರಿ ಪುಸ್ತಕ ತೆರೆದಾಗ ನಮ್ಮ ಮುಂದಾಳುತನದ ನಿಜವಾದ ವರದಿ ಅಲ್ಲಿ ಸಿಗುತ್ತದೆ.