ಕೇರಿಯ ಗೋಡೆ, ಗ್ಯಾಲರಿಯ ಗೋಡೆ

ಚಿತ್ರದೊಳಗೆ ಅಕ್ಷರ ಬಂದರೆ ಚಿತ್ರ ಮೈಲಿಗೆಯಾಗುತ್ತದೆ ಎಂದು ನಂಬಿದ ಕಲಾರಸಿಕರು ನಮ್ಮಲ್ಲಿದ್ದಾರೆ. ಗೆರೆ ಗೆರೆಯಾಗಿಯೇ ಇರಬೇಕಂತೆ, ಬಣ್ಣ ಬಣ್ಣವಾಗಿಯೇ ಇರಬೇಕಂತೆ. ಮಾತು ಬಂದ ಕೂಡಲೇ ಅದು ಕಲೆಯಲ್ಲ, ಪ್ರಚಾರವಂತೆ. ಇನ್ನೊಂದು ಕಡೆ ನಮ್ಮದೇ ಸಂಗಾತಿಗಳಿದ್ದಾರೆ. ಗ್ಯಾಲರಿ ಅಂದ್ರೆ ಹೊಟ್ಟೆ ತುಂಬಿದವರು ಕೈಕಟ್ಟಿಕೊಂಡು ಗೋಡೆ ನೋಡುವ ಜಾಗ, ಹೋರಾಟ ಮಾಡೋರಿಗೆ ಅಲ್ಲೇನು ಕೆಲಸ ಅಂತ ಅವರು ಕೇಳ್ತಾರೆ. ಈ ಎರಡು ಮಾತನ್ನೂ ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಅಂತ ಹೇಳೋದಕ್ಕೆ ಅಮೆರಿಕದ ಕಪ್ಪು ಜನರ ಒಂದು ಸಣ್ಣ ಗ್ಯಾಲರಿಯ ವಿಚಾರ ಮೊದಲು ಹೇಳಬೇಕು.

ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಕಪ್ಪು ಜನರ ಬಡಾವಣೆ 1965ರ ಆಗಸ್ಟಿನಲ್ಲಿ ಹೊತ್ತಿ ಉರಿಯಿತು. ಪೊಲೀಸರ ದಬ್ಬಾಳಿಕೆ, ನಿರುದ್ಯೋಗ, ಹಾಳು ಮನೆಗಳು, ಎಲ್ಲ ಸೇರಿ ವರ್ಷಗಟ್ಟಲೆ ಒಳಗೇ ಕುದಿಯುತ್ತಿದ್ದದ್ದು ಉಕ್ಕಿತು. 34 ಜನ ಸತ್ತರು. ಆ ಊರಿನಲ್ಲಿ ಕಪ್ಪು ಕಲಾವಿದರಿಗೆ ಕೈಯಿತ್ತು, ಕಣ್ಣಿತ್ತು, ಚಿತ್ರ ತೂಗುಹಾಕಲು ಗೋಡೆ ಇರಲಿಲ್ಲ. ದೊಡ್ಡ ಮ್ಯೂಸಿಯಂಗಳಲ್ಲಿ ಅವರಿಗೆ ಜಾಗ ಸಿಗುತ್ತಿದ್ದದ್ದು ತೀರ ಅಪರೂಪ. ಹಾಗಾಗಿ ಗೋಡೆಗಳನ್ನು ಅವರೇ ಮಾಡಿಕೊಂಡರು. 1967ರಲ್ಲಿ ಡೇವಿಸ್ ಸೋದರರು ಬ್ರಾಕ್‌ಮನ್ ಗ್ಯಾಲರಿ ತೆರೆದರು. 1969ರಲ್ಲಿ ಸುಜಾನ್ ಜಾಕ್ಸನ್ ಎಂಬ ಹೆಣ್ಣುಮಗಳು ಗ್ರನಾಡ ಬಿಲ್ಡಿಂಗ್ಸ್ ಎಂಬ ಕಟ್ಟಡದಲ್ಲಿದ್ದ ತನ್ನ ಸ್ಟುಡಿಯೊವನ್ನೇ ಗ್ಯಾಲರಿ ಮಾಡಿ ನಡೆಸಿದಳು. ಹೆಸರು ಗ್ಯಾಲರಿ 32. ಆಕೆಗೆ ಆಗ 25 ವರ್ಷ. ಚಿತ್ರ ಬರೆಯುತ್ತಿದ್ದಳು, ನೃತ್ಯ ಮಾಡುತ್ತಿದ್ದಳು. ಓಟಿಸ್ ಕಲಾಶಾಲೆಯಲ್ಲಿ ಚಾರ್ಲ್ಸ್ ವೈಟ್ ಎಂಬ ಹಿರಿಯ ಕಪ್ಪು ಚಿತ್ರಕಾರನ ಪಾಠ ಕೇಳಿದವಳು. ಚಿತ್ರ ತನ್ನ ಜನರ ಬದುಕಿಗೆ ಕೆಲಸಕ್ಕೆ ಬರಬೇಕು ಅನ್ನುವುದು ಆ ಗುರುವಿನ ಪಾಠ. ಆಕೆಯ ಹಿಂದೆ ದೊಡ್ಡ ಸಂಸ್ಥೆ ಇರಲಿಲ್ಲ. 1970ಕ್ಕೆ ಗ್ಯಾಲರಿ ಬಾಗಿಲು ಹಾಕಿತು. ಬಾಳಿದ್ದು ಅಷ್ಟೇ ಕಾಲ. ಆದರೆ ಆ ಅಲ್ಪ ಕಾಲದಲ್ಲಿ ಅಲ್ಲಿ ನಡೆದದ್ದನ್ನು ನೋಡಿ.

1969ರಲ್ಲಿ ಆ ಗೋಡೆಗಳ ಮೇಲೆ ಎಮರಿ ಡಗ್ಲಸ್‌ನ ಚಿತ್ರಗಳು ಏರಿದವು. ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಗೆ ಹಣ ಕೂಡಿಸಲಿಕ್ಕೆ ಮಾಡಿದ ಪ್ರದರ್ಶನ ಅದು. ಎಮರಿ ಯಾರು? 1943ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗಲೇ ಬಾಲಾಪರಾಧಿಗಳ ಜೈಲು ಕಂಡವನು. ಅಚ್ಚಿನ ಕೆಲಸದ ಮೊದಲ ಪಾಠ ಅವನಿಗೆ ಆದದ್ದು ಆ ಜೈಲಿನ ಪ್ರೆಸ್ಸಿನಲ್ಲೇ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಕಾಲೇಜಿನಲ್ಲಿ ಜಾಹೀರಾತು ಚಿತ್ರಕಲೆ ಓದಿದ. ಸೋಪು ಸಿಗರೇಟು ಮಾರೋದಕ್ಕೆ ಕಲಿಸುವ ವಿದ್ಯೆ ಅದು. ಅದೇ ವಿದ್ಯೆ ಹಿಡಿದುಕೊಂಡು 1967ರಲ್ಲಿ ಪ್ಯಾಂಥರುಗಳ ಜೊತೆ ಸೇರಿದ. ಪಾರ್ಟಿ ಅವನನ್ನು ಸಂಸ್ಕೃತಿ ಮಂತ್ರಿ ಅಂತ ಕರೆಯಿತು. ಪಾರ್ಟಿಯ ಪತ್ರಿಕೆಯ ರೂಪವನ್ನೆಲ್ಲ ಕಟ್ಟಿದವನು ಅವನು.

ಆ ಪತ್ರಿಕೆಯ ಹಿಂದೆ ಒಂದು ಸರಳ ಲೆಕ್ಕವಿತ್ತು. ತಮ್ಮ ಜನರಲ್ಲಿ ಉದ್ದುದ್ದ ಲೇಖನ ಓದುವವರು ಕಡಿಮೆ. ಆದರೆ ಕಣ್ಣಿಲ್ಲದವರು ಯಾರು? ದೊಡ್ಡ ಚಿತ್ರ, ಕೆಳಗೆ ನಾಲ್ಕು ಮಾತು, ಅಷ್ಟರಲ್ಲೇ ವಿಷಯ ಮುಟ್ಟಬೇಕು. ಪ್ರೆಸ್ಸಿಗೆ ಕೊಡಲು ದುಡ್ಡಿರಲಿಲ್ಲ, ಅದಕ್ಕೇ ಕಪ್ಪಿನ ಜೊತೆ ಇನ್ನೊಂದೇ ಬಣ್ಣ. ಮರದಚ್ಚಿನಂತೆ ಕಾಣುವ ದಪ್ಪ ಗೆರೆ. ಅಂಗಡಿಯಲ್ಲಿ ಸಿಗುವ ಚುಕ್ಕೆ ಗೆರೆಗಳ ಹಾಳೆ ಕತ್ತರಿಸಿ ಅಂಟಿಸಿ ನೆರಳು ತುಂಬುವುದು. ಬಡತನವೇ ಶೈಲಿಯಾಯಿತು. ಪೊಲೀಸನನ್ನು ಹಂದಿ ಮಾಡಿ ನಿಲ್ಲಿಸಿದ. ತೇಪೆ ಹಾಕಿದ ಬಟ್ಟೆಯ ಮುದುಕಿಯನ್ನು ರಾಣಿಯಂತೆ ನಿಲ್ಲಿಸಿದ. 1971ರ ಒಂದು ಚಿತ್ರದಲ್ಲಿ ನಗುವ ಹುಡುಗನೊಬ್ಬ ಕನ್ನಡಕ ಹಾಕಿದ್ದಾನೆ. ಕನ್ನಡಕದ ಗಾಜಿನೊಳಗೆ ಮಕ್ಕಳ ಫೋಟೊ. ಪಾರ್ಟಿ 1969ರ ಜನವರಿಯಿಂದ ಮಕ್ಕಳಿಗೆ ಪುಕ್ಕಟೆ ಬೆಳಗಿನ ತಿಂಡಿ ಹಾಕುತ್ತಿತ್ತಲ್ಲ, ಅಂಥ ಮಕ್ಕಳು. ನಾವು ಉಳಿದೇ ಉಳಿಯುತ್ತೇವೆ ಅನ್ನುವ ಅರ್ಥದ ಮಾತು ಜೊತೆಗಿದೆ. ಆ ಮಾತು ತೆಗೆದರೆ ಅದು ಬರೀ ಒಂದು ಮುದ್ದಾದ ಮುಖ. ಮುಖ ತೆಗೆದರೆ ಅದು ಬರೀ ಒಂದು ಘೋಷಣೆ. ಎರಡೂ ಸೇರಿದಾಗ ಮಾತ್ರ ಅದು ನೋಡುವವನ ಕೊರಳಪಟ್ಟಿ ಹಿಡಿಯುತ್ತದೆ.

ಕಪ್ಪು ಜನರ ಕೇರಿಯೇ ಕ್ರಾಂತಿಕಾರಿ ಚಿತ್ರಕಾರನ ಗ್ಯಾಲರಿ ಅನ್ನುವುದು ಎಮರಿಯ ನಿಲುವು. ಅವನ ಚಿತ್ರಗಳು ಬೀದಿ ಗೋಡೆಗಳ ಮೇಲೆ ಅಂಟುತ್ತಿದ್ದವು. ಹಾಗಾದ್ರೆ ಅಂಥವನು ಸುಜಾನ್ ಜಾಕ್ಸನ್‌ಳ ಗೋಡೆಗೆ ಯಾಕೆ ಬಂದ? ಇಲ್ಲೇ ನಮ್ಮ ಸಂಗಾತಿಗಳು ಸ್ವಲ್ಪ ಯೋಚನೆ ಮಾಡಬೇಕು. ಬೀದಿಯ ಗೋಡೆ ಮೇಲಿನ ಪೋಸ್ಟರು ಮಳೆಗೆ ತೊಯ್ಯುತ್ತದೆ, ಪೊಲೀಸಿನವನು ಕೀಳುತ್ತಾನೆ, ಹೋಗುವವರು ಬರುವವರು ಅರ್ಧ ನೋಡಿ ಹೋಗುತ್ತಾರೆ. ನಾಲ್ಕು ಗೋಡೆಯ ಒಳಗೆ ಜನ ನಿಲ್ಲುತ್ತಾರೆ, ಪಕ್ಕದವರ ಜೊತೆ ಮಾತಾಡುತ್ತಾರೆ, ಜಗಳ ಆಡುತ್ತಾರೆ, ಹುಂಡಿಗೆ ಕಾಸು ಹಾಕುತ್ತಾರೆ. ಕೇರಿಯ ಗೋಡೆ ಕರೆಯುತ್ತದೆ, ಗ್ಯಾಲರಿಯ ಗೋಡೆ ಕೂರಿಸಿಕೊಳ್ಳುತ್ತದೆ. ಚಳವಳಿಗೆ ಎರಡೂ ಬೇಕು.

ಅದು ಸುಖದ ಕಾಲವಾಗಿತ್ತು ಅಂತ ಯಾರೂ ತಿಳಿಯಬಾರದು. ಅದೇ 1969ರ ಡಿಸೆಂಬರ್ 4ರ ಬೆಳಗಿನ ಜಾವ ಷಿಕಾಗೊದಲ್ಲಿ 21 ವರ್ಷದ ಫ್ರೆಡ್ ಹ್ಯಾಂಪ್ಟನ್‌ನನ್ನು ಪೊಲೀಸರು ಹಾಸಿಗೆ ಮೇಲೇ ಗುಂಡಿಟ್ಟು ಕೊಂದರು. ನಾಲ್ಕು ದಿನ ಕಳೆದು, ಡಿಸೆಂಬರ್ 8ರಂದು, ಲಾಸ್ ಏಂಜಲೀಸಿನ ಪ್ಯಾಂಥರ್ ಕಚೇರಿಗೆ ನೂರಾರು ಪೊಲೀಸರು ಮುತ್ತಿಗೆ ಹಾಕಿ ಗಂಟೆಗಟ್ಟಲೆ ಗುಂಡು ಹಾರಿಸಿದರು. ಅಂಥ ಊರಿನಲ್ಲಿ, ಅಂಥ ವರ್ಷದಲ್ಲಿ, 25ರ ಹುಡುಗಿಯೊಬ್ಬಳು 26ರ ಹುಡುಗನ ಚಿತ್ರಗಳಿಗೆ ಮೊಳೆ ಹೊಡೆದಳು.

ಮರುವರ್ಷ, 1970ರ ಬೇಸಿಗೆಯಲ್ಲಿ, ಅದೇ ಜಾಗದಲ್ಲಿ ಕಪ್ಪು ಹೆಣ್ಣುಮಕ್ಕಳದ್ದೇ ಒಂದು ಪ್ರದರ್ಶನ ನಡೆಯಿತು. ಬೆಟಿ ಸಾರ್, ಸೆಂಗಾ ನೆಂಗುಡಿ ಮುಂತಾದವರ ಜೊತೆ ಸುಜಾನ್ ತಾನೂ ನಿಂತಳು. ಅದಕ್ಕಿಟ್ಟ ಹೆಸರು ಸಫೈರ್. ಕಪ್ಪು ಜನರನ್ನು ಗೇಲಿ ಮಾಡುವ ಒಂದು ರೇಡಿಯೊ, ಟಿವಿ ನಾಟಕದಲ್ಲಿ ಬರುವ ಗಯ್ಯಾಳಿ ಹೆಂಗಸಿನ ಹೆಸರು ಅದು. ಹೆಸರಿನ ಜೊತೆಗೆ ಆ ಕಾಲದ ಸಿಗರೇಟು ಜಾಹೀರಾತಿನ ಒಂದು ಮಾತನ್ನೂ ಕಿತ್ತುಕೊಂಡು ಸೇರಿಸಿದರು. ಬೈಗುಳವನ್ನೇ ಬೋರ್ಡು ಮಾಡಿ ಬಾಗಿಲಿಗೆ ಹಾಕುವ ಈ ಧೈರ್ಯ ನಮಗೆ ಗೊತ್ತಿಲ್ಲದ್ದೇನಲ್ಲ. ತುಳಿಸಿಕೊಂಡವರು ಎಂಬ ಅರ್ಥದ ಮಾತನ್ನೇ ಎತ್ತಿಕೊಂಡು, ನಾವು ದಲಿತರು ಅಂತ ಎದೆ ಸೆಟೆಸಿ ಹೇಳಿದವರು ನಾವು.

ಈಗ ಮುಂದಿನದನ್ನು ಕೇಳಿ. ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ 1982ಕ್ಕೆ ಮುಗಿಯಿತು. 2007ರಲ್ಲಿ ಅದೇ ಲಾಸ್ ಏಂಜಲೀಸಿನ ಸಮಕಾಲೀನ ಕಲೆಯ ದೊಡ್ಡ ಮ್ಯೂಸಿಯಂ ಎಮರಿಯ ಚಿತ್ರಗಳ ಪ್ರದರ್ಶನ ನಡೆಸಿತು. 2009ರಲ್ಲಿ ನ್ಯೂಯಾರ್ಕಿನಲ್ಲೂ ಆಯಿತು. ಸಂತೋಷ, ಆಗಲಿ. ಹೊಸ ತಲೆಮಾರಿನ ಹುಡುಗರು ಅವನ್ನು ನೋಡಿದರಲ್ಲ, ಅದು ಲಾಭವೇ. ಆದರೆ ಬಂದೂಕು ಬಾಗಿಲಲ್ಲಿದ್ದಾಗ ತೂಗುಹಾಕಿದವರು ಒಂದು ಜಾತಿ, ಬಂದೂಕು ಮಲಗಿದ ಮೇಲೆ ಗಾಜು ಹಾಕಿಸಿದವರು ಇನ್ನೊಂದು ಜಾತಿ. ಬದುಕಿದ್ದಾಗ ಒಂದು ಲೋಟ ನೀರು ಕೊಡದವರು ತಿಥಿಗೆ ಹೋಳಿಗೆ ಬಡಿಸಿದ ಹಾಗೆ.

ಮೆಂಫಿಸ್ ನಗರದ ಫಲಕದ ಕತೆಯೂ ಇದೇ. 1968ರ ಫೆಬ್ರವರಿ 1ರಂದು ಇಬ್ಬರು ಕಪ್ಪು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋದರು. ಸುಮಾರು 1,300 ಜನ ಕೆಲಸ ಬಿಟ್ಟು ಬೀದಿಗೆ ಬಂದರು. ಕೈಯಲ್ಲಿ ಬಿಳೀ ಫಲಕ, ಕರೀ ಅಕ್ಷರ: ನಾನು ಮನುಷ್ಯ. ಅವರ ಭಾಷೆಯಲ್ಲಿ 'ಆಗಿದ್ದೇನೆ' ಅನ್ನುವ ಪದದ ಕೆಳಗೆ ಗೆರೆ ಎಳೆದಿದ್ದರು. ನಮ್ಮ ಆಡುಮಾತಿನಲ್ಲಾದರೆ 'ಮನುಷ್ಯನೇ ಕಣ್ರೀ' ಅಂತ ಒತ್ತಿ ಹೇಳಿದ ಹಾಗೆ. ಅವರ ಜೊತೆ ನಿಲ್ಲಲು ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಕೊಲೆಯಾದರು. ಇಪ್ಪತ್ತು ವರ್ಷದ ಮೇಲೆ, 1988ರಲ್ಲಿ, ಗ್ಲೆನ್ ಲಿಗನ್ ಎಂಬ ಕಪ್ಪು ಚಿತ್ರಕಾರ ಆ ಫಲಕವನ್ನೇ ಕ್ಯಾನ್ವಾಸಿನ ಮೇಲೆ ಬರೆದ. ಬಣ್ಣ ಒಣಗಿ ಬಿರುಕು ಬಿಟ್ಟಿತು. ಆ ಬಿರುಕುಗಳನ್ನು ಗುರುತು ಹಾಕಿ ದುರಸ್ತಿಯವರು ಬರೆದ ಟಿಪ್ಪಣಿಯನ್ನೂ ಸೇರಿಸಿ 2000ದಲ್ಲಿ ಇನ್ನೊಂದು ಕೃತಿ ಮಾಡಿದ. 'ಮನುಷ್ಯ' ಅನ್ನುವ ಮಾತಿಗೆ ಎಲ್ಲೆಲ್ಲಿ ಬಿರುಕು ಬಿದ್ದಿದೆ ಅಂತ ಲೆಕ್ಕ ಕೊಟ್ಟ. 2012ರಲ್ಲಿ ಮೊದಲ ಚಿತ್ರ ವಾಷಿಂಗ್ಟನ್ನಿನ ರಾಷ್ಟ್ರೀಯ ಗ್ಯಾಲರಿ ಸೇರಿತು. ಫಲಕ ಗೋಡೆ ಏರಿತು. ಆದರೆ ನಮ್ಮ ದೇಶದಲ್ಲಿ 2013ರ ಕಾನೂನು ಬಂದ ಮೇಲೂ ಮ್ಯಾನ್‌ಹೋಲಿಗಿಳಿದವರು ಉಸಿರುಗಟ್ಟಿ ಸಾಯುವುದು ನಿಂತಿಲ್ಲ. ಆ ಫಲಕ ಹಿಡಿಯುವ ಕೈ ಇನ್ನೂ ಬೇಕು.

ಅಕ್ಷರ, ಚಿತ್ರ ಎರಡನ್ನೂ ಕೂಡಿಸುವುದು ಅಮೆರಿಕದಿಂದ ತರಬೇಕಾದ ಸಾಮಾನಲ್ಲ. ನಮ್ಮ ಊರ ಹೊರಗಿನ ವೀರಗಲ್ಲು ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವ ವೀರ, ಮೇಲೆ ಲಿಂಗಪೂಜೆ, ನಡುವಿನ ಪಟ್ಟಿಗಳಲ್ಲಿ ಸಾಲು ಸಾಲು ಅಕ್ಷರ. ಸತ್ತವನ ಹೆಸರಿದೆ, ಅರಸನ ಹೆಸರಿದೆ. ಕಲ್ಲು ಹೊತ್ತು ತಂದವರ ಹೆಸರು ಹುಡುಕಿ, ಸಿಗೋದಿಲ್ಲ. ಅಕ್ಷರವನ್ನು ಬಚ್ಚಿಟ್ಟ ನಾಡಿನಲ್ಲಿ ನಮ್ಮ ಕೇರಿ ಬಾಯಲ್ಲಿ ನಿಂತಿರುವ ಬೋರ್ಡು ಸಣ್ಣದಲ್ಲ. ಬಾಬಾಸಾಹೇಬರ ಮುಖ, ಎತ್ತಿದ ಬೆರಳು, ಶಿಕ್ಷಣ ಸಂಘಟನೆ ಹೋರಾಟ ಅನ್ನುವ ಮೂರು ಮಾತು. ರಾತ್ರೋರಾತ್ರಿ ಆ ಬೋರ್ಡಿಗೆ ಸಗಣಿ ಬಳಿಯುತ್ತಾರಲ್ಲ, ಯಾಕೆ? ಅದು ಅವರಿಗೆ ಚೆನ್ನಾಗಿ ಓದಲು ಬರುವುದರಿಂದಲೇ.

ಅಮೆರಿಕದ ಪ್ಯಾಂಥರುಗಳಿಂದ ಹೆಸರು ಪಡೆದು 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದ ನಾಮದೇವ ಢಸಾಳ್, ರಾಜಾ ಢಾಲೆ, ಜೆ.ವಿ. ಪವಾರ್ ಮೂವರೂ ಬರವಣಿಗೆಯವರು. ನಮ್ಮಲ್ಲೂ ಕವಿಗಳು ಬಂದರು, ಹಾಡುಗಾರರು ಬಂದರು. ಅವರ ಪಕ್ಕದಲ್ಲಿ ಚಿತ್ರಕಾರನಿಗೆ ಅಷ್ಟೇ ದೊಡ್ಡ ಚಾಪೆ ಹಾಸಿದ್ದೇವಾ? ಈಗ ಕೇರಿಯಲ್ಲಿ ಏಳುವ ಫ್ಲೆಕ್ಸ್ ನೋಡಿ. ಒಂದು ಮೂಲೆಯಲ್ಲಿ ಬಾಬಾಸಾಹೇಬರು, ಉಳಿದೆಡೆಯೆಲ್ಲ 'ಶುಭಾಶಯ ಕೋರುವವರ' ಪಾಸ್‌ಪೋರ್ಟ್ ಫೋಟೊ. ಇದೂ ಮಾತು ಚಿತ್ರ ಸೇರಿದ ಕಲೆಯೇ! ಆದರೆ ಇದರೊಳಗೆ ಕೂಲಿಗೆ ಹೋಗುವ ತಾಯಿ ಎಲ್ಲಿ? ಹಾಸ್ಟೆಲ್ಲಿನ ಹುಡುಗಿ ಎಲ್ಲಿ? ಎಮರಿ ಮಾಡಿದ್ದು ಇಷ್ಟೇ: ನಾಯಕನ ಜಾಗದಲ್ಲಿ ನೆರೆಮನೆಯವರನ್ನು ನಿಲ್ಲಿಸಿದ.

ಆಗದ ಕೆಲಸ ಇದಲ್ಲ. 2011ರಲ್ಲಿ ಬಂದ ಭೀಮಾಯಣ ಎಂಬ ಪುಸ್ತಕ ನೋಡಿ. ಬಾಬಾಸಾಹೇಬರ ಬಾಲ್ಯದ ಬಾಯಾರಿಕೆ, 1927ರ ಮಹಾಡ್ ಕೆರೆಯ ಸತ್ಯಾಗ್ರಹ, ಎಲ್ಲವನ್ನೂ ಗೊಂಡ ಚಿತ್ರಕಾರ ದಂಪತಿ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಬರೆದಿದ್ದಾರೆ. ಚಿತ್ರಗಳನ್ನು ಚೌಕಟ್ಟಿನ ಡಬ್ಬಿಗಳಲ್ಲಿ ಕೂಡಿಹಾಕಲು ಅವರು ಒಪ್ಪಲಿಲ್ಲ. ಒಳ್ಳೆಯವರ ಮಾತು ಹಕ್ಕಿಯ ಆಕಾರದಲ್ಲಿದೆ. ಜಾತಿಯ ವಿಷ ಕಾರುವವರ ಮಾತಿಗೆ ಚೇಳಿನ ಕೊಂಡಿ ಇದೆ. ಓದು ಬಾರದ ಅಜ್ಜಿಗೂ ಯಾವ ಮಾತು ಕುಟುಕುತ್ತದೆ ಅಂತ ತಿಳಿಯುತ್ತದೆ. ಮಾತು ಬಂದರೆ ಚಿತ್ರ ಕೆಡುತ್ತದೆ ಎನ್ನುವ ಪಂಡಿತರು ಈ ಚೇಳನ್ನು ಒಮ್ಮೆ ಮುಟ್ಟಿ ನೋಡಲಿ.

ಗೆಳೆಯರೇ, ನಾವು ಕೇಳುತ್ತಿರುವುದು ಅರಮನೆಯಲ್ಲ, ಒಂದು ಕೋಣೆ. ತಾಲ್ಲೂಕಿಗೊಂದು ಅಂಬೇಡ್ಕರ್ ಭವನದ ಗೋಡೆ, ಹಾಸ್ಟೆಲ್ಲಿನ ಒಂದು ಹಾಲು, ಏಪ್ರಿಲ್ 14ರ ಮುಂಚೆ ಒಂದು ವಾರ. ನಮ್ಮ ಹುಡುಗ ಹುಡುಗಿಯರು ಬರೆದ ಚಿತ್ರ, ಅದರ ಮೇಲೆ ನಮ್ಮ ಅವ್ವಂದಿರು ಬಾಯಲ್ಲಿ ಹೇಳಿದ ಮಾತು. ತೂಗುಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಒಳಗೆ ಬರಲು ಯಾರಿಗೆ ಅಂಜಿಕೆಯಾಗುತ್ತದೆ? ಬಂದ ಕಾಸು ಯಾರ ಕೈ ಸೇರುತ್ತದೆ? ಈ ಚಿತ್ರ ನಾಳೆ ಬೀದಿಗೆ ಹೋಗಬಲ್ಲದಾ? ಮೂರಕ್ಕೂ ಉತ್ತರ ಸರಿಯಿದ್ದರೆ ಅದು ನಮ್ಮ ಗ್ಯಾಲರಿ. ಅದು ಒಂದೇ ವರ್ಷ ಬಾಳಿದರೂ ಚಿಂತೆಯಿಲ್ಲ. ಸುತ್ತಿಗೆ ತನ್ನಿ, ಮೊಳೆ ತನ್ನಿ.