ಉಚಿತ ಚಿಕಿತ್ಸೆಯ ಲೋಪಕ್ಕೆ ಹೊಣೆ ಯಾರು?

ಹಿರಿಯಡ್ಕ: ಚಿಕಿತ್ಸೆಯಲ್ಲಿ ಲೋಪವಾದರೆ ರೋಗಿಗೆ ಸಿಗುವ ಪರಿಹಾರಕ್ಕೆ ಮಿತಿ ಇರಬೇಕೇ ಎಂಬ ಚರ್ಚೆ ಹಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1975ರಲ್ಲೇ ನೋವು, ಸಂಕಟಗಳ ಪರಿಹಾರಕ್ಕೆ 2.5 ಲಕ್ಷ ಡಾಲರ್ ಮಿತಿ ಹಾಕಿತು. 2023ರಿಂದ ಅದನ್ನು ಏರಿಸಿತು. ಭಾರತದಲ್ಲಿ ಅಂತಹ ಮಿತಿಯಿಲ್ಲ. ಕೋಲ್ಕತಾದಲ್ಲಿ ಚಿಕಿತ್ಸೆ ಪಡೆದಿದ್ದ ಅನುರಾಧಾ ಸಹಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಸುಮಾರು 6 ಕೋಟಿ ರೂ. ಪರಿಹಾರ ವಿಧಿಸಿತು. ಆದರೆ ಅವರು ತೀರಿಕೊಂಡದ್ದು 1998ರಲ್ಲಿ.

ಮೊತ್ತಕ್ಕಿಂತಲೂ ದೊಡ್ಡ ಪ್ರಶ್ನೆ, ದೂರುವ ಹಕ್ಕು ಯಾರಿಗಿದೆ ಎಂಬುದು. ಹಿರಿಯಡ್ಕದಿಂದ ಉಡುಪಿಗೋ ಕಾರ್ಕಳಕ್ಕೋ ಹೋಗಿ ಹಣ ತೆತ್ತು ಚಿಕಿತ್ಸೆ ಪಡೆದವರು ಎರಡು ವರ್ಷಗಳೊಳಗೆ ಗ್ರಾಹಕ ಆಯೋಗದ ಮೊರೆಹೋಗಬಹುದು. ಎಲ್ಲರಿಗೂ ಸಂಪೂರ್ಣ ಉಚಿತವಾಗಿರುವ ಸರಕಾರಿ ಆಸ್ಪತ್ರೆಯ ರೋಗಿಗೆ ಆ ಬಾಗಿಲು ಮುಚ್ಚಿದೆ. ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪು ಎಳೆದ ಗೆರೆ ಇದು. ಆತನಿಗೆ ಮುಖ್ಯವಾಗಿ ಉಳಿಯುವುದು ಸಿವಿಲ್ ಕೋರ್ಟಿನ ದೀರ್ಘ ದಾರಿ.

ರಾಜ್ಯ ಸರಕಾರವು 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಸರಕಾರಿ ಆಸ್ಪತ್ರೆಗಳನ್ನೂ ಅದರ ವ್ಯಾಪ್ತಿಗೆ ತರಬೇಕೆಂಬುದು ಅವರ ಬೇಡಿಕೆಗಳಲ್ಲೊಂದಾಗಿತ್ತು, ಅದು ಈಡೇರಲಿಲ್ಲ. ಪರಿಹಾರಕ್ಕೆ ಮಿತಿ ಹಾಕುವ ಮಾತಿಗೆ ಮೊದಲು, ದುಡ್ಡಿಲ್ಲದವರ ದೂರನ್ನು ಕಾಲಮಿತಿಯಲ್ಲಿ ಕೇಳುವ ವ್ಯವಸ್ಥೆ ಜಿಲ್ಲೆಯಲ್ಲಿಯೇ ಆಗಬೇಕಾಗಿದೆ. ಸುಧಾರಣೆ ಅಲ್ಲಿಂದ ಆರಂಭವಾಗಲಿ.